ಬೆಟ್ಟ ಇಳಿದ ಸೈಕಲ್ಲು, ದಾರಿಯ ತಕರಾರು

ಇಳಿಜಾರು ಮುಗಿದು ಸೈಕಲ್ ನಿಂತಾಗ ಹಿಂದಿನ ಚಕ್ರದ ಹಬ್‌ನಿಂದ ಹೊಗೆ ಏಳುತ್ತಿತ್ತು. ಒಳಗಿನ ಗ್ರೀಸು ಕಾದು, ಕರಗಿ, ಸುಟ್ಟು ಹೋಗಿರುತ್ತಿತ್ತು. ಮತ್ತೊಮ್ಮೆ ಬೆಟ್ಟ ಹತ್ತಬೇಕೆಂದರೆ ಹಬ್ ಬಿಚ್ಚಿ ಹೊಸದಾಗಿ ಗ್ರೀಸು ತುಂಬಲೇಬೇಕು. ಹೀಗೆ ಮರಳಿ ತುಂಬುವುದಕ್ಕೆ ಇಂಗ್ಲಿಷಿನಲ್ಲಿ ‘ರಿಪ್ಯಾಕ್’ ಎನ್ನುತ್ತಾರೆ. ಕೊನೆಗೆ ಆ ದಾರಿಗೇ ರಿಪ್ಯಾಕ್ ಎಂಬ ಹೆಸರು ಅಂಟಿಕೊಂಡಿತು.

ಈ ದಾರಿ ಇರುವುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ನಗರದಿಂದ ಗೋಲ್ಡನ್ ಗೇಟ್ ಸೇತುವೆ ದಾಟಿ ಉತ್ತರಕ್ಕೆ ಹೋದರೆ ಮರಿನ್ ಎಂಬ ಜಿಲ್ಲೆ. ಟ್ಯಾಮಲ್‌ಪೈಸ್ ಪರ್ವತ, ಅದರ ಸುತ್ತ ಒಣಹುಲ್ಲಿನ ಗುಡ್ಡಗಳು, ಕಣಿವೆಗಳಲ್ಲಿ ರೆಡ್‌ವುಡ್ ಮರಗಳು. ಫೇರ್‌ಫ್ಯಾಕ್ಸ್ ಎಂಬ ಸಣ್ಣ ಊರಿನ ಹಿಂದಿರುವ ಪೈನ್ ಮೌಂಟನ್ ಎಂಬ ಗುಡ್ಡದಿಂದ, ಕಾಡ್ಗಿಚ್ಚು ಆರಿಸುವ ವಾಹನಗಳಿಗೆಂದು ಮಾಡಿದ ಮಣ್ಣಿನ ರಸ್ತೆಯೊಂದು ಇಳಿಯುತ್ತದೆ. ಉದ್ದ 2.1 ಮೈಲಿ. ಅಷ್ಟರೊಳಗೆ ಸುಮಾರು 1,300 ಅಡಿ ಇಳಿತ. 1976ರ ಅಕ್ಟೋಬರ್ 21ರಂದು ಇಲ್ಲಿ ಗೆಳೆಯರ ಗುಂಪೊಂದು ಗಡಿಯಾರ ಹಿಡಿದು ಪಂದ್ಯ ನಡೆಸಿತು. ಇಂದು ‘ಮೌಂಟನ್ ಬೈಕ್’ ಎಂದು ಜಗತ್ತೆಲ್ಲ ಕರೆಯುವ ಸೈಕಲ್ಲಿನ ಕತೆಯನ್ನು ಸಾಮಾನ್ಯವಾಗಿ ಇಲ್ಲಿಂದಲೇ ಆರಂಭಿಸುತ್ತಾರೆ.

ಹಾಗೆಂದು ಕಲ್ಲುದಾರಿಯಲ್ಲಿ ಸೈಕಲ್ ಓಡಿಸಿದವರಲ್ಲಿ ಇವರೇ ಮೊದಲಿಗರೇನಲ್ಲ. 1897ರಲ್ಲಿ ಅಮೆರಿಕ ಸೇನೆಯ 25ನೇ ಪದಾತಿ ದಳದ ಕಪ್ಪು ಸೈನಿಕರ ತಂಡವೊಂದು ಮೊಂಟಾನಾದ ಮಿಸೂಲಾದಿಂದ ಸೇಂಟ್ ಲೂಯಿಸ್‌ವರೆಗೆ 1,900 ಮೈಲಿ ದೂರವನ್ನು ಸೈಕಲ್ ತುಳಿದೇ ಮುಗಿಸಿತ್ತು. ಬೆಟ್ಟ, ಕೆಸರು, ಮರಳು ಯಾವುದನ್ನೂ ಬಿಡಲಿಲ್ಲ. ಬ್ರಿಟನ್ನಿನಲ್ಲಿ 1955ರಿಂದಲೇ ಒರಟು ಹಾದಿಗಳ ಸೈಕಲ್ ಸಂಘವೊಂದಿದೆ. ಇನ್ನು ನಮ್ಮ ಹಳ್ಳಿಗಳ ಗಾಡಿದಾರಿಯಲ್ಲಿ ಹುಲ್ಲಿನ ಹೊರೆ, ಹಾಲಿನ ಕ್ಯಾನು ಕಟ್ಟಿಕೊಂಡು ಹೋದವರು ಇದನ್ನು ಕ್ರೀಡೆ ಎಂದು ಭಾವಿಸಿರಲಿಕ್ಕಿಲ್ಲ! ಮರಿನ್‌ನವರು ಮಾಡಿದ ಹೊಸ ಕೆಲಸವೆಂದರೆ, ಇದರ ಸುಖಕ್ಕಾಗಿಯೇ ಬೆಟ್ಟ ಹತ್ತಿದ್ದು, ಮತ್ತು ಅದಕ್ಕೆ ತಕ್ಕ ಸೈಕಲ್ಲನ್ನು ತಾವೇ ಮಾಡಿಕೊಂಡದ್ದು.

ಗುಜರಿಯಿಂದ ಒಲಿಂಪಿಕ್ಸ್‌ವರೆಗೆ

ಅವರ ಕೈಗೆ ಸಿಕ್ಕಿದ್ದು ಗುಜರಿ ಸಾಮಾನು. 1930 ಮತ್ತು 40ರ ದಶಕಗಳಲ್ಲಿ ಶ್ವಿನ್ ಕಂಪನಿ ಮಾಡಿದ್ದ ದಪ್ಪ ಟೈರಿನ ಸೈಕಲ್ಲುಗಳು, ಒಂದು ಕಾಲದಲ್ಲಿ ಅಮೆರಿಕದ ಹುಡುಗರು ಮನೆಮನೆಗೆ ಪತ್ರಿಕೆ ಹಾಕಲು ಬಳಸುತ್ತಿದ್ದಂಥವು. ಮೂಲೆ ಸೇರಿದ್ದ ಇವು ಕೆಲವೇ ಡಾಲರಿಗೆ ದೊರೆಯುತ್ತಿದ್ದವು. ತೂಕವಂತೂ ಇಪ್ಪತ್ತು ಕಿಲೋ ಮೀರಿದ್ದು. ಕೈಯಲ್ಲಿ ಹಿಡಿಯುವ ಬ್ರೇಕಿಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಹಬ್ಬಿನೊಳಗೆ ಲೋಹಕ್ಕೆ ಲೋಹ ತಿಕ್ಕಿ ಚಕ್ರ ನಿಲ್ಲುತ್ತಿತ್ತು. ಬಯಲು ಸೀಮೆಯ ಬೀದಿಗೆ ಅದು ಸಾಕು. ಎರಡು ಮೈಲಿ ಉದ್ದದ ಇಳಿಜಾರಿನಲ್ಲಿ ಗ್ರೀಸು ಹೊಗೆಯಾಗದೆ ಇನ್ನೇನಾದೀತು?

ಪಂದ್ಯದ ಲೆಕ್ಕ ಇಟ್ಟವರು ಚಾರ್ಲಿ ಕೆಲ್ಲಿ. ಗ್ಯಾರಿ ಫಿಶರ್, ಜೋ ಬ್ರೀಜ್ ಇಬ್ಬರೂ ರಸ್ತೆ ಸೈಕಲ್ ಪಂದ್ಯಗಳಲ್ಲಿ ಪಳಗಿದವರು. ಫಿಶರ್ ಉದ್ದ ಕೂದಲು ಬಿಟ್ಟಿದ್ದಕ್ಕೆ 1968ರಲ್ಲಿ ಪಂದ್ಯಗಳಿಂದಲೇ ಹೊರಗೆ ಹಾಕಿಸಿಕೊಂಡಿದ್ದರು ಎಂಬುದು ಆ ಕಾಲದ ಗಾಳಿಯನ್ನು ಹೇಳುವ ಸಂಗತಿ. ವೆಂಡಿ ಕ್ರ್ಯಾಗ್ ಎಂಬ ಮಹಿಳೆ ಈ ಗುಂಪಿನ ಜತೆ ತಾವೂ ಬೆಟ್ಟ ಇಳಿಯುತ್ತಿದ್ದರು, ಕ್ಯಾಮೆರಾ ಒಯ್ಯುತ್ತಿದ್ದರು. ಆ ದಿನಗಳ ಚಿತ್ರಗಳು ಇಂದು ಉಳಿದಿದ್ದರೆ ಬಹುಮಟ್ಟಿಗೆ ಅವರಿಂದಾಗಿ.

ಫಿಶರ್ ತಮ್ಮ ಹಳೆಯ ಸೈಕಲ್ಲಿಗೆ ಗೇರು ಹಾಕಿದರು, ಡ್ರಮ್ ಬ್ರೇಕು ಜೋಡಿಸಿದರು. ಆವರೆಗೆ ಟ್ರಕ್ಕಿನ ಮೇಲೇರಿಸಿಯೋ ತಳ್ಳಿಕೊಂಡೋ ಬೆಟ್ಟದ ಮೇಲಕ್ಕೆ ಒಯ್ಯುತ್ತಿದ್ದ ಸೈಕಲ್ಲನ್ನು ಈಗ ತುಳಿದುಕೊಂಡೇ ಹತ್ತಬಹುದಾಯಿತು. ಆದರೆ ಹಳೆಯ ಚೌಕಟ್ಟುಗಳು ಏಟು ತಾಳಲಾರದೆ ಮುರಿಯುತ್ತಿದ್ದವು. 1977ರಲ್ಲಿ ಜೋ ಬ್ರೀಜ್ ಕ್ರೋಮ್-ಮಾಲಿಬ್ಡಿನಂ ಉಕ್ಕಿನ ಕೊಳವೆಗಳಿಂದ, ಈ ಕೆಲಸಕ್ಕೆಂದೇ ಹೊಸ ಚೌಕಟ್ಟು ಕಟ್ಟಿದರು. ಹಳೆಯದನ್ನು ದುರಸ್ತಿ ಮಾಡುವುದನ್ನು ಬಿಟ್ಟು ಮೊದಲಿನಿಂದ ಮಾಡಿದ ಸೈಕಲ್ಲು ಅದು. ಒಟ್ಟು ಹತ್ತು ಕಟ್ಟುವುದರೊಳಗೆ 1978 ಬಂತು. 1979ರಲ್ಲಿ ಫಿಶರ್ ಮತ್ತು ಕೆಲ್ಲಿ ಸೇರಿ, ಟಾಮ್ ರಿಚಿ ಎಂಬ ಕುಶಲಿ ಕಟ್ಟಿದ ಚೌಕಟ್ಟುಗಳನ್ನು ಮಾರಲು ‘ಮೌಂಟನ್‌ಬೈಕ್ಸ್’ ಎಂಬ ಅಂಗಡಿ ತೆರೆದರು. ಬೆಲೆ ಒಂದಕ್ಕೆ ಸುಮಾರು 1,300 ಡಾಲರ್. ಹೆಸರನ್ನು ತಮ್ಮದೇ ಎಂದು ನೋಂದಾಯಿಸುವ ಅವರ ಪ್ರಯತ್ನ ಫಲಿಸಲಿಲ್ಲ. ಹೆಸರು ಊರ ಸೊತ್ತಾಯಿತು. 1981ರಲ್ಲಿ ಸ್ಪೆಷಲೈಜ್ಡ್ ಕಂಪನಿ ಜಪಾನಿನಲ್ಲಿ ಮಾಡಿಸಿದ ‘ಸ್ಟಂಪ್‌ಜಂಪರ್’ ಸುಮಾರು 750 ಡಾಲರಿಗೆ ಮಾರುಕಟ್ಟೆಗೆ ಬಂದ ಮೇಲೆ ಬೆಟ್ಟದ ಸೈಕಲ್ಲು ಗೆಳೆಯರ ಗುಂಪನ್ನು ದಾಟಿ ಹೋಯಿತು.

ಮುಂದಿನದು ಎಲ್ಲ ಕ್ರೀಡೆಗಳ ಕತೆಯೇ. 1990ರಲ್ಲಿ ಕೊಲರಾಡೊದ ಡುರಾಂಗೊದಲ್ಲಿ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ನೆದರ್ಲೆಂಡ್ಸ್‌ನ ಬಾರ್ಟ್ ಬ್ರೆಂಟ್ಯೆನ್ಸ್, ಇಟಲಿಯ ಪಾವೊಲಾ ಪೆಝೊ ಅವರಿಗೆ ಚಿನ್ನ. ನಮ್ಮ ಸೈಕಲ್ ಅಂಗಡಿಗಳಲ್ಲೂ ತೊಂಬತ್ತರ ದಶಕದಲ್ಲಿ ದಪ್ಪ ಟೈರು, ನೇರ ಹ್ಯಾಂಡಲಿನ ‘ಎಂಟಿಬಿ’ಗಳು ಕಾಣಿಸಿಕೊಂಡವು. ಅವುಗಳಲ್ಲಿ ಹೆಚ್ಚಿನವು ಬೆಟ್ಟ ಕಂಡದ್ದಿಲ್ಲ, ಟ್ಯೂಷನ್ನಿಗೆ ಹೋಗಿ ಬಂದವು, ಅಷ್ಟೆ.

ಭಾನುವಾರದ ಎರಡು ತಾಸಿಗೆ ವಾರವಿಡೀ

ಹೊರಗಿನಿಂದ ನೋಡಿದವರಿಗೆ ಇದು ಜೀವದ ಹಂಗು ತೊರೆದವರ ಆಟ. ಒಳಹೊಕ್ಕು ನೋಡಿದರೆ ಬೆಟ್ಟದ ಸೈಕಲ್ಲಿನ ಗೀಳು ಹತ್ತಿದವರ ದಿನಚರಿಯ ಬಹುಭಾಗ ಸದ್ದಿಲ್ಲದ ಕೆಲಸ. ಕಚೇರಿ ಮುಗಿಸಿ ಸಂಜೆ ದೀಪ ಕಟ್ಟಿಕೊಂಡು ಒಂದು ತಾಸು. ವಾರದ ಕೊನೆಗೆ ಬೆಳಗಿನ ಜಾವವೇ ಎದ್ದು ಎರಡೋ ಮೂರೋ ತಾಸು. ಉಳಿದ ಹೊತ್ತು ಚಿಂದಿ ಬಟ್ಟೆ, ಬ್ರಷ್ಷು, ಎಣ್ಣೆ ಬಾಟಲಿಗಳ ನಡುವೆ.

ಕೆಸರು ಒಣಗುವ ಮೊದಲು ತೊಳೆಯಬೇಕು. ಆದರೆ ಬೇರಿಂಗುಗಳ ಮೇಲೆ ರಭಸದ ನೀರು ಹಾಯಿಸಿದರೆ ಒಳಗಿನ ಗ್ರೀಸು ಹೋಗುತ್ತದೆ. ಮಣ್ಣು ಕೂತ ಚೈನು ಸವೆದು ಹಿಗ್ಗುತ್ತದೆ, ಹಿಗ್ಗಿದ ಚೈನು ಗೇರಿನ ಹಲ್ಲುಗಳನ್ನೂ ತಿನ್ನುತ್ತದೆ. ಆದ್ದರಿಂದ ಅಗ್ಗದ ಚೈನನ್ನು ಸಕಾಲಕ್ಕೆ ಬದಲಿಸಿದವನು ದುಬಾರಿಯ ಹಲ್ಲುಗಾಲಿಗಳನ್ನು ಉಳಿಸಿಕೊಳ್ಳುತ್ತಾನೆ. ಈಗಿನ ಸೈಕಲ್ಲುಗಳಿಗೆ ಡಿಸ್ಕ್ ಬ್ರೇಕು. ಚೈನಿಗೆ ಹಾಕಿದ ಎಣ್ಣೆ ಡಿಸ್ಕಿನ ಮೇಲೆ ಒಂದು ಹನಿ ಬಿದ್ದರೂ ಸಾಕು, ಬ್ರೇಕು ಹಿಡಿಯುವ ಬದಲು ಕಿರುಚಲು ತೊಡಗುತ್ತದೆ. ಎಲ್ಲಿಂದಲೋ ‘ಕಿರಕಿರ’ ಸದ್ದು ಕೇಳಿಸಿತೆಂದರೆ ಸೀಟು, ಪೆಡಲು, ಹ್ಯಾಂಡಲು ಒಂದೊಂದಾಗಿ ಬಿಚ್ಚಿ ಹುಡುಕುವುದರಲ್ಲೇ ಒಂದು ಸಂಜೆ ಕಳೆಯುತ್ತದೆ.

ಟೈರಿನ ಗಾಳಿಯದೇ ಒಂದು ಶಾಸ್ತ್ರ. ರಸ್ತೆ ಪಂದ್ಯದ ಸಣ್ಣ ಟೈರಿಗೆ ಹಿಂದೆ ನೂರು ಪೌಂಡ್ ಗಾಳಿ ತುಂಬುತ್ತಿದ್ದರೆ, ಬೆಟ್ಟದ ಟೈರಿಗೆ ಇಪ್ಪತ್ತರಿಂದ ಮೂವತ್ತು ಪೌಂಡ್ ಸಾಕು. ಮೆತ್ತಗಿದ್ದರೆ ಟೈರು ಕಲ್ಲನ್ನು ಹಿಡಿದುಕೊಳ್ಳುತ್ತದೆ, ಗಟ್ಟಿಯಾಗಿದ್ದರೆ ಪುಟಿದು ಜಾರುತ್ತದೆ. ತೀರ ಮೆತ್ತಗಾದರೆ ರಿಮ್ಮಿಗೆ ಏಟು. ಇಂದು ಹೆಚ್ಚಿನವರು ಟ್ಯೂಬನ್ನೇ ತೆಗೆದಿಟ್ಟಿದ್ದಾರೆ. ಬದಲಿಗೆ ಟೈರಿನೊಳಗೆ ರಬ್ಬರ್ ಹಾಲಿನಂಥ ದ್ರವ ಹಾಕುತ್ತಾರೆ. ಮುಳ್ಳು ಚುಚ್ಚಿದ ತೂತಿನಲ್ಲಿ ಅದು ಹೆಪ್ಪುಗಟ್ಟಿ ಗಾಳಿ ನಿಲ್ಲಿಸುತ್ತದೆ. ಕೆಲವು ತಿಂಗಳಲ್ಲಿ ಒಣಗುವುದರಿಂದ ಮತ್ತೆ ತುಂಬಬೇಕು. ಗ್ರೀಸಿನಿಂದ ಆರಂಭವಾದ ‘ಮರಳಿ ತುಂಬುವ’ ಕೆಲಸ ಐವತ್ತು ವರ್ಷಗಳ ನಂತರವೂ ತಪ್ಪಿಲ್ಲ ನೋಡಿ.

ಇನ್ನು ಸವಾರಿ. ಇಳಿಜಾರಿನಲ್ಲಿ ಸೀಟಿನ ಮೇಲೆ ಕೂರುವವರಿಲ್ಲ. ಎರಡೂ ಪೆಡಲು ಸಮಕ್ಕೆ ನಿಲ್ಲಿಸಿ, ಮೊಣಕಾಲು ಮೊಣಕೈ ಸಡಿಲ ಬಿಟ್ಟು, ಮೈಭಾರವನ್ನು ಕಾಲಿನ ಮೇಲೆ ಹೊರಬೇಕು. ಕಣ್ಣು ಮುಂದಿನ ಚಕ್ರದ ಮೇಲಿರಬಾರದು, ಹತ್ತು ಹದಿನೈದು ಮಾರು ಮುಂದಿರಬೇಕು. ಕಲ್ಲನ್ನು ನೋಡಿದರೆ ಸೈಕಲ್ಲು ಕಲ್ಲಿಗೇ ಹೋಗುತ್ತದೆ, ಪಕ್ಕದ ದಾರಿ ನೋಡಿದರೆ ದಾರಿಗೆ. ಹೊಸಬರು ಹೆದರಿ ಮುಂದಿನ ಬ್ರೇಕು ಒಮ್ಮೆಲೇ ಒತ್ತುತ್ತಾರೆ, ಹ್ಯಾಂಡಲಿನ ಮೇಲಿಂದ ಹಾರಿ ಬೀಳುತ್ತಾರೆ. ಭುಜದ ಮೂಳೆ ಮುರಿದುಕೊಂಡವರಿಗೆ ಈ ಕ್ರೀಡೆಯಲ್ಲಿ ಕೊರತೆಯಿಲ್ಲ.

ಹಾದಿ ಯಾರದು?

ಬಿದ್ದ ಗಾಯ ಮಾಯುತ್ತದೆ. ಮಾಯದೆ ಉಳಿದಿರುವುದು ಹಾದಿಯ ಜಗಳ. ಅದೂ ಶುರುವಾದದ್ದು ಮರಿನ್‌ನಲ್ಲೇ.

ಟ್ಯಾಮಲ್‌ಪೈಸ್ ಸುತ್ತಲಿನ ಕಾಡಿನ ದೊಡ್ಡ ಭಾಗ ಕುಡಿಯುವ ನೀರಿನ ಜಲಾಶಯಗಳ ಅಚ್ಚುಕಟ್ಟಾದ ಜಲಾನಯನ ಪ್ರದೇಶ. ಅಲ್ಲಿ ದಶಕಗಳಿಂದ ನಡೆಯುವವರೂ ಕುದುರೆ ಸವಾರರೂ ಅಡ್ಡಾಡುತ್ತಿದ್ದರು. ತಿರುವಿನಲ್ಲಿ ಇದ್ದಕ್ಕಿದ್ದಂತೆ ಎದುರಾಗುವ ಸೈಕಲ್ಲು ಅವರಿಗೆ ಹಿಡಿಸಲಿಲ್ಲ. ವಯಸ್ಸಾದವರು ಬೆಚ್ಚಿದರು, ಕುದುರೆಗಳು ಹೆದರಿ ಕೆನೆದವು. ದೂರುಗಳು ಹೋದವು. ಎಂಬತ್ತರ ದಶಕದಲ್ಲಿ ಕಿರಿದಾದ ಕಾಲುಹಾದಿಗಳು ಸೈಕಲ್ಲಿಗೆ ನಿಷಿದ್ಧವಾದವು. ಅಗಲದ ಮಣ್ಣು ರಸ್ತೆಗಳಲ್ಲಿ ಗಂಟೆಗೆ 15 ಮೈಲಿ, ಕಣ್ಣಿಗೆ ಕಾಣದ ತಿರುವುಗಳಲ್ಲಿ 5 ಮೈಲಿ ವೇಗದ ಮಿತಿ ಬಂತು. ಕಾಡಿನ ನಡುವೆ ರಡಾರ್ ಗನ್ ಹಿಡಿದು ನಿಂತ ರೇಂಜರುಗಳು ಸೈಕಲ್ಲುಗಳಿಗೆ ದಂಡ ಹಾಕಿದರು. 1964ರ ವನ್ಯಪ್ರದೇಶ ಕಾಯ್ದೆಯಲ್ಲಿ ‘ಯಾಂತ್ರಿಕ ಸಾಗಣೆ’ಗೆ ಇದ್ದ ನಿಷೇಧ ಸೈಕಲ್ಲಿಗೂ ಅನ್ವಯ ಎಂದು 1984ರಲ್ಲಿ ಅಮೆರಿಕದ ಅರಣ್ಯ ಸೇವೆ ಸ್ಪಷ್ಟಪಡಿಸಿತು. ಹುಟ್ಟಿದ ಊರಿನಲ್ಲೇ ಈ ಕ್ರೀಡೆ ಅರ್ಧ ಹೊರಗಿನದಾಯಿತು.

ಎರಡು ಕಡೆಯವರೂ ಸಾಚಾಗಳೇನಲ್ಲ. ಅನುಮತಿಯಿಲ್ಲದೆ ಕಾಡಿನಲ್ಲಿ ಗುಟ್ಟಾಗಿ ಹಾದಿ ಕಡಿದ ಸೈಕಲ್ ಸವಾರರಿದ್ದಾರೆ. ಸೈಕಲ್ಲು ಬರುವ ಹಾದಿಗೆ ಅಡ್ಡಲಾಗಿ ತಂತಿ ಬಿಗಿದವರೂ ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದ್ದಾರೆ. ಮೊದಲನೆಯದು ಸ್ವಾರ್ಥ, ಎರಡನೆಯದು ಕೊಲೆಗೆ ಸಮ.

ಸೈಕಲ್ಲಿನಿಂದ ಮಣ್ಣು ಕೊಚ್ಚಿಹೋಗುತ್ತದೆ ಎಂಬುದು ಹಳೆಯ ಆರೋಪ. ಮೊಂಟಾನಾದ ಬೆಟ್ಟದ ಹಾದಿಗಳಲ್ಲಿ ನಡೆಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಒದ್ದೆ ಹಾದಿಯಲ್ಲಿ ಚಕ್ರಗಳಿಗಿಂತ ಕುದುರೆಯ ಗೊರಸು ಮತ್ತು ಮನುಷ್ಯರ ಪಾದಗಳೇ ಹೆಚ್ಚು ಮಣ್ಣು ಸಡಿಲಿಸಿದವು ಎಂದಿತು. ಸವಾರರಿಗೆ ಇದು ಖುಷಿ ಕೊಟ್ಟಿದ್ದು ಸಹಜ. ಆದರೆ ಮಲೆನಾಡಿನ ಯಾವ ರೈತನನ್ನು ಕೇಳಿದರೂ ಹೇಳಿಯಾನು, ಹಾದಿಯ ನಿಜವಾದ ವೈರಿ ನೀರು. ಹಾದಿಯಲ್ಲಿ ಒಂದು ಗೀರು ಬಿದ್ದರೆ ಮಳೆನೀರು ಅದನ್ನೇ ಹಿಡಿದು ಇಳಿಯುತ್ತದೆ, ಎರಡು ಮಳೆಗಾಲದಲ್ಲಿ ಅದು ಕೊರಕಲಾಗುತ್ತದೆ. ಹಸಿ ಮಣ್ಣಿನಲ್ಲಿ ಓಡುವ ಟೈರು ಅಂಥ ಗೀರನ್ನು ಉದ್ದಕ್ಕೂ ಎಳೆಯುತ್ತದೆ, ಅದೂ ನೀರು ಹರಿಯುವ ದಿಕ್ಕಿನಲ್ಲಿಯೇ.

ಆದ್ದರಿಂದ ಬಲ್ಲ ಸವಾರ ಮಳೆಯ ಮರುದಿನ ಸೈಕಲ್ಲು ಹೊರತೆಗೆಯುವುದಿಲ್ಲ. ತೆಗೆದರೆ ಗುದ್ದಲಿಯನ್ನು ತೆಗೆಯುತ್ತಾನೆ. ಅಮೆರಿಕದ ಹಲವು ಕಡೆ ಸೈಕಲ್ ಸಂಘಗಳು ಅರಣ್ಯದವರ ಒಪ್ಪಿಗೆ ಪಡೆದು ಹಾದಿ ದುರಸ್ತಿಯ ದಿನಗಳನ್ನು ಇಟ್ಟುಕೊಂಡಿವೆ. ಇಂಥ ಸಂಘಗಳನ್ನು ಒಗ್ಗೂಡಿಸಲು 1988ರಲ್ಲಿ ಅಂತರರಾಷ್ಟ್ರೀಯ ಬೆಟ್ಟ ಸೈಕಲ್ ಸಂಘವೂ ಹುಟ್ಟಿತು. ಕೆಲಸದ ಲೆಕ್ಕಾಚಾರ ಸರಳ: ಹಾದಿ ನೇರವಾಗಿ ಬೆಟ್ಟ ಇಳಿಯಬಾರದು, ಅಡ್ಡಡ್ಡ ಸಾಗಬೇಕು. ಅದರ ಏರಿಳಿತ ಗುಡ್ಡದ ಓರೆಯ ಅರ್ಧ ಮೀರಬಾರದು, ಒಟ್ಟಾರೆ ನೂರಕ್ಕೆ ಹತ್ತರ ಆಸುಪಾಸು ಇರಬೇಕು. ಹೊರ ಅಂಚು ತುಸು ತಗ್ಗಿರಬೇಕು. ಅಲ್ಲಲ್ಲಿ ಹಾದಿಯೇ ಸ್ವಲ್ಪ ಕೆಳಗಿಳಿದು ಮೇಲೇಳಬೇಕು. ಆಗ ನೀರು ಹಾದಿಯುದ್ದಕ್ಕೂ ಓಡದೆ ಅಲ್ಲೇ ಪಕ್ಕಕ್ಕೆ ಜಾರುತ್ತದೆ. ವಾರಕ್ಕೆರಡು ತಾಸು ಸೈಕಲ್ ಹೊಡೆಯುವವರು ತಿಂಗಳಿಗೊಂದು ಬೆಳಗ್ಗೆ ಮಣ್ಣು ಹೊರುವುದು ಆ ಊರುಗಳಲ್ಲಿ ಹೊಸ ನೋಟವಲ್ಲ.

ಎದುರಾಬದುರಾದಾಗ ನಡೆಯುವವರಿಗೆ ಸೈಕಲ್ಲು ದಾರಿ ಬಿಡಬೇಕು, ಕುದುರೆಗೆ ಇಬ್ಬರೂ ಬಿಡಬೇಕು. ಕುದುರೆ ಕಂಡರೆ ಸೈಕಲ್ ನಿಲ್ಲಿಸಿ ಸವಾರನನ್ನು ಗಟ್ಟಿಯಾಗಿ ಮಾತನಾಡಿಸಬೇಕು. ಹೆಲ್ಮೆಟ್ಟು, ಕನ್ನಡಕ, ಚಕ್ರ ಎಲ್ಲ ಸೇರಿ ಕುದುರೆಯ ಕಣ್ಣಿಗೆ ಅದೊಂದು ವಿಚಿತ್ರ ಪ್ರಾಣಿ. ಮನುಷ್ಯನ ದನಿ ಕೇಳಿದ ಮೇಲೆಯೇ ಅದಕ್ಕೆ ಧೈರ್ಯ.

ಈ ಪ್ರಶ್ನೆ ನಮಗೂ ತೀರ ದೂರದ್ದಲ್ಲ. ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿರುವ ತುರಹಳ್ಳಿ ಕಾಡಿನ ಮಣ್ಣುಹಾದಿಗಳಲ್ಲಿ ಬೆಟ್ಟದ ಸೈಕಲ್ಲಿನವರು ಬಹುಕಾಲದಿಂದ ಸವಾರಿ ಮಾಡಿದ್ದಾರೆ. 2021ರ ಆರಂಭದಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆಯನ್ನು ವಿರೋಧಿಸಿ ನಾಗರಿಕರು ಬೀದಿಗಿಳಿದಾಗ, ವಾಯುವಿಹಾರದವರು, ಪಕ್ಷಿವೀಕ್ಷಕರ ಜತೆ ಸೈಕಲ್ ಸವಾರರೂ ನಿಂತಿದ್ದರು. ಕಾಡು ಉಳಿಯಲಿ ಎಂಬಲ್ಲಿ ಎಲ್ಲರೂ ಒಂದೇ. ಉಳಿದ ಕಾಡಿನಲ್ಲಿ ಯಾರು ಹೇಗೆ ಓಡಾಡಬೇಕು ಎಂಬುದು ಬೇರೆಯೇ ಮಾತು.

ಈಚೆಗೆ ತಕರಾರಿಗೆ ಮತ್ತೊಂದು ಸುತ್ತು ಸೇರಿದೆ. ಬ್ಯಾಟರಿ, ಮೋಟಾರು ಇರುವ ಬೆಟ್ಟದ ಸೈಕಲ್ಲುಗಳು ಬಂದಿವೆ. 2019ರಲ್ಲಿ ಅಮೆರಿಕದ ಒಳಾಡಳಿತ ಇಲಾಖೆ, ತನ್ನ ಜಮೀನುಗಳಲ್ಲಿ ಸೈಕಲ್ಲಿಗೆ ಅವಕಾಶವಿರುವೆಡೆ ಇವನ್ನೂ ಬಿಡುವತ್ತ ಆದೇಶ ಹೊರಡಿಸಿತು. ಇದನ್ನು ಒಪ್ಪದವರಲ್ಲಿ ಹಳೆಯ ಸೈಕಲ್ ಸವಾರರೂ ಸಾಕಷ್ಟು ಮಂದಿ. ಯಂತ್ರಕ್ಕೆ ಕಾಡಿನಲ್ಲಿ ಜಾಗವಿಲ್ಲ ಎಂಬ ಅವರ ವಾದವನ್ನು ಒಂದು ಕಾಲಕ್ಕೆ ಅವರ ಮೇಲೆಯೇ ಹೂಡಲಾಗಿತ್ತು. ಮೊಣಕಾಲು ಸೋತ ಮೇಲೂ ಬೆಟ್ಟ ಹತ್ತುವ ಆಸೆ ಬಿಡದ ಹಿರಿಯರಿಗಾದರೆ ಅದೇ ಮೋಟಾರು ಊರುಗೋಲು.

ರಿಪ್ಯಾಕ್ ಪಂದ್ಯಗಳು ಎಂಬತ್ತರ ದಶಕದ ನಡುವಿಗೆ ನಿಂತುಹೋದವು. ಅಲ್ಲಿನ ದಾಖಲೆ ಗ್ಯಾರಿ ಫಿಶರ್ ಹೆಸರಿನಲ್ಲಿದೆ: 4 ನಿಮಿಷ 22 ಸೆಕೆಂಡು. ಸರಾಸರಿ ವೇಗ ಗಂಟೆಗೆ 28 ಮೈಲಿಗೂ ಹೆಚ್ಚು, ಅದೂ ಗುಜರಿ ಕಾಲದ ಬ್ರೇಕುಗಳಲ್ಲಿ. 15 ಮೈಲಿಯ ಮಿತಿಗೆ ಒಳಪಟ್ಟು ಇಳಿದರೆ ಅದೇ ದಾರಿಗೆ 8 ನಿಮಿಷ 24 ಸೆಕೆಂಡು ಬೇಕು.