ಒಳಕ್ಕೆ ತಿರುಗಿದ ಮುಳ್ಳು

ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಲೀಡ್ಸ್ ಕೋಟೆಯಲ್ಲಿ ನಾಯಿಗಳ ಕೊರಳಪಟ್ಟಿಗಳಿಗೆಂದೇ ಒಂದು ಸಂಗ್ರಹಾಲಯವಿದೆ. ಅಲ್ಲಿರುವ ಹಳೆಯ ಪಟ್ಟಿಗಳು ಕೆಲವು ಶತಮಾನಗಳಷ್ಟು ಹಿಂದಿನವು. ಕಬ್ಬಿಣದ ಅಗಲವಾದ ಪಟ್ಟಿ, ಸುತ್ತಲೂ ಮೊನಚಾದ ಮುಳ್ಳು. ಮುಳ್ಳುಗಳೆಲ್ಲ ಹೊರಮುಖವಾಗಿವೆ. ತೋಳವೋ ಕರಡಿಯೋ ನಾಯಿಯ ಗಂಟಲಿಗೆ ಬಾಯಿ ಹಾಕಿದರೆ ಅದರ ಬಾಯಿಗೇ ಚುಚ್ಚಲಿ ಎಂದು ಮಾಡಿದ ಏರ್ಪಾಡು ಅದು. ಹಿಮಾಲಯದ ಕುರಿಗಾಹಿಗಳು ಚಿರತೆಯ ಭಯಕ್ಕೆ ತಮ್ಮ ನಾಯಿಗಳಿಗೆ ಇಂದಿಗೂ ಇಂಥದೇ ಪಟ್ಟಿ ತೊಡಿಸುತ್ತಾರೆ. ಈಗ ತರಬೇತಿಗೆಂದು ಮಾರಾಟವಾಗುವ ಪ್ರಾಂಗ್ ಕಾಲರ್‌ನಲ್ಲೂ ಮುಳ್ಳುಗಳಿವೆ. ಅವು ಮಾತ್ರ ಒಳಮುಖ. ಕೊರಳನ್ನು ಕಾಯುತ್ತಿದ್ದ ಮುಳ್ಳು ಆ ಕೊರಳನ್ನೇ ಚುಚ್ಚುವಂತಾದ ಕಥೆ ತಿಳಿದರೆ, ನಮ್ಮ ಮನೆಯ ನಾಯಿಗೆ ಏನು ಕೊಳ್ಳಬೇಕು, ಏನು ಕೊಳ್ಳಬಾರದು ಎಂಬುದೂ ಅರ್ಥವಾಗುತ್ತದೆ.

ಮೊದಮೊದಲು ಕೊರಳಪಟ್ಟಿಗೂ ಶಿಕ್ಷಣಕ್ಕೂ ಸಂಬಂಧವಿರಲಿಲ್ಲ. ಈಜಿಪ್ಟಿನ ರಾಜರ ಕಣಿವೆಯಲ್ಲಿ 1899ರಲ್ಲಿ ತೆರೆದ ಮೈಹೆರ್‌ಪ್ರಿ ಎಂಬ ಗಣ್ಯನ ಸಮಾಧಿಯಲ್ಲಿ ನಾಯಿಗಳ ಎರಡು ಚರ್ಮದ ಪಟ್ಟಿಗಳು ಸಿಕ್ಕವು. ಒಂದರ ಮೇಲೆ ನಾಯಿಯ ಹೆಸರೇ ಇದೆ. ಯಜಮಾನನ ಜೊತೆ ಪರಲೋಕಕ್ಕೂ ಹೋಗಲಿ ಎಂಬಷ್ಟು ಅಕ್ಕರೆಯ ಒಡವೆ ಅದು. ಮುಳ್ಳನ್ನು ಒಳಕ್ಕೆ ತಿರುಗಿಸಿದವರು ಯುರೋಪಿನ ಬೇಟೆಗಾರರು. ಹೊಡೆದುರುಳಿಸಿದ ಹಕ್ಕಿಯನ್ನು ತಂದುಕೊಡಲು ಕಲಿಸುವಾಗ, ಒಲ್ಲೆನೆಂದ ನಾಯಿಯ ಕೊರಳಿಗೆ ಒಳಮುಳ್ಳಿನ ಪಟ್ಟಿ ಹಾಕಿ ಎಳೆಯುತ್ತಿದ್ದರು.

ಇದಕ್ಕೆ ಶಾಸ್ತ್ರದ ರೂಪ ಕೊಟ್ಟವನು ಜರ್ಮನಿಯ ಪೊಲೀಸ್ ಅಧಿಕಾರಿ ಕೋನ್ರಾಡ್ ಮೋಸ್ಟ್. 1910ರಲ್ಲಿ ಪ್ರಕಟವಾದ ಅವನ ಕೈಪಿಡಿಯಲ್ಲಿ ಮುಳ್ಳುಪಟ್ಟಿಯೂ ಇದೆ, ಬೆತ್ತವೂ ಇದೆ. ನಾಯಿಗೆ ಯಾವಾಗ ತಿಳಿಯುತ್ತದೆ, ಯಾವಾಗ ತಿಳಿಯುವುದಿಲ್ಲ ಎಂಬುದನ್ನು ಅವನು ಬಹಳ ಸೂಕ್ಷ್ಮವಾಗಿ ಗಮನಿಸಿದ್ದ. ಶಿಕ್ಷೆಯಾಗಲಿ ಮೆಚ್ಚುಗೆಯಾಗಲಿ ಆ ಕ್ಷಣದಲ್ಲೇ ಆಗಬೇಕು ಎಂದು ಬರೆದಿದ್ದ. ಆದರೆ ಪೊಲೀಸರೂ ಸೈನಿಕರೂ ಅವನಿಂದ ಹೆಚ್ಚಾಗಿ ಎತ್ತಿಕೊಂಡದ್ದು ಬಲವಂತದ ಪಾಠವನ್ನೇ.

ಮನೆಯ ನಾಯಿಗೆ ವಿಧೇಯತೆಯ ಪಾಠ ಹೇಳುವ ಹವ್ಯಾಸ ಶುರುವಾದದ್ದು ಬೇರೆಯೇ ಕಡೆಯಿಂದ. ಅಮೆರಿಕದ ಹೆಲೆನ್ ವೈಟ್‌ಹೌಸ್ ವಾಕರ್ ಪೂಡಲ್ ನಾಯಿಗಳನ್ನು ಸಾಕಿದ್ದರು. ಪೂಡಲ್ ಎಂದರೆ ಬರೀ ಅಲಂಕಾರದ ನಾಯಿ ಎಂದು ಜನ ಆಡಿಕೊಳ್ಳುವುದನ್ನು ಸಹಿಸದೆ, ಅವುಗಳ ಬುದ್ಧಿ ತೋರಿಸಲು 1933ರಲ್ಲಿ ನ್ಯೂಯಾರ್ಕ್ ರಾಜ್ಯದ ಮೌಂಟ್ ಕಿಸ್ಕೋದಲ್ಲಿ ಒಂದು ಪರೀಕ್ಷೆ ಏರ್ಪಡಿಸಿದರು. ಅಂದು ಭಾಗವಹಿಸಿದ್ದು ಎಂಟು ನಾಯಿಗಳು. 1936ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಈ ಸ್ಪರ್ಧೆಗೆ ಮಾನ್ಯತೆ ಕೊಟ್ಟಿತು. ಮರುವರ್ಷ ವಾಕರ್ ಮತ್ತು ಅವರ ಸಹಾಯಕಿ ಬ್ಲಾಂಚ್ ಸಾಂಡರ್ಸ್ ಕಾರಿನ ಹಿಂದೆ ಟ್ರೈಲರ್ ಕಟ್ಟಿಕೊಂಡು, ಪೂಡಲ್‌ಗಳೊಂದಿಗೆ ಊರೂರು ಸುತ್ತಿ ಇದನ್ನು ಪ್ರಚಾರ ಮಾಡಿದರು. ನಾಯಿ ಬಾಯಲ್ಲಿ ಕಚ್ಚಿ ತರುವ ಮರದ ಡಂಬೆಲ್, ಹಾರುವ ಅಡ್ಡಗಟ್ಟೆ, ವಾಸನೆ ಹಿಡಿದು ಆರಿಸಬೇಕಾದ ಚರ್ಮ ಮತ್ತು ಲೋಹದ ತುಂಡುಗಳು ಈ ಸ್ಪರ್ಧೆಯ ಜೊತೆಗೇ ಮನೆಮಾತಾದವು.

ಜೊತೆಗೆ ಚೋಕ್ ಚೈನ್ ಕೂಡ. ಎರಡನೆಯ ಮಹಾಯುದ್ಧದಲ್ಲಿ ಸೇನೆಯ ನಾಯಿಗಳನ್ನು ಪಳಗಿಸಿದವರು ಯುದ್ಧ ಮುಗಿದ ಮೇಲೆ ಊರುಗಳಲ್ಲಿ ತರಗತಿ ತೆರೆದರು. ಅವರಲ್ಲಿ ಹೆಸರಾದವನು ವಿಲಿಯಂ ಕೋಲರ್. ಡಿಸ್ನಿ ಸಿನಿಮಾಗಳ ನಾಯಿಗಳಿಗೂ ಕಲಿಸಿದವನು. 1962ರ ಅವನ ಪುಸ್ತಕ ದಶಕಗಳ ಕಾಲ ತರಬೇತುದಾರರ ಕೈಯಲ್ಲಿತ್ತು. ಚೋಕ್ ಚೈನ್ ಎಂದರೆ ಸರಪಳಿಯ ತುದಿಯ ಬಳೆಯೊಳಗೆ ಸರಪಳಿಯನ್ನೇ ತೂರಿಸಿ ಮಾಡಿದ ಕುಣಿಕೆ. ಜಗ್ಗಿದರೆ ಬಿಗಿಯುತ್ತದೆ, ಬಿಟ್ಟರೆ ಸಡಿಲವಾಗಬೇಕು. ತಿರುವುಮುರುವಾಗಿ ತೊಡಿಸಿದರೆ ಸಡಿಲವಾಗುವುದೇ ಇಲ್ಲ. ಸರಿಯಾಗಿ ತೊಡಿಸಿದರೂ ಪೆಟ್ಟು ಬೀಳುವುದು ಶ್ವಾಸನಾಳದ ಮೇಲೆ. ಕೊರಳಪಟ್ಟಿಯನ್ನು ಎಳೆದಾಗ ನಾಯಿಯ ಕಣ್ಣುಗುಡ್ಡೆಯೊಳಗಿನ ಒತ್ತಡ ಏರುತ್ತದೆ, ಎದೆಗೆ ಸುತ್ತುವ ಹಾರ್ನೆಸ್ ಎಳೆದಾಗ ಹಾಗಾಗುವುದಿಲ್ಲ ಎಂದು ಪಶುವೈದ್ಯರು ಅಳೆದು ತೋರಿಸಿದ್ದಾರೆ. ನಮ್ಮಲ್ಲಿ ಇನ್ನೂ ಎಷ್ಟೋ ಮಂದಿ ನಾಯಿ ತಂದ ಮೊದಲ ವಾರವೇ ಚೋಕ್ ಚೈನ್ ಕೊಳ್ಳುತ್ತಾರೆ. ಅದು ಬೇಡ ಎಂದೇ ನನ್ನ ಸ್ಪಷ್ಟ ಅಭಿಪ್ರಾಯ.

ಕಥೆ ತಿರುವು ಪಡೆದದ್ದು ನಾಯಿಗಳಿಂದಲ್ಲ, ಪಾರಿವಾಳಗಳಿಂದ. ಯುದ್ಧಕಾಲದಲ್ಲಿ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಮಿನಿಯಾಪೊಲಿಸ್‌ನ ಒಂದು ಹಿಟ್ಟಿನ ಗಿರಣಿಯ ಮಹಡಿಯಲ್ಲಿ, ಬಾಂಬಿಗೆ ದಾರಿ ತೋರಿಸಲು ಪಾರಿವಾಳಗಳಿಗೆ ಕಲಿಸುತ್ತಿದ್ದರು. ಯೋಜನೆ ಬಳಕೆಗೆ ಬರಲಿಲ್ಲ. ಆದರೆ ಅಲ್ಲಿ ಕೆಲಸ ಮಾಡುತ್ತಿದ್ದ ಶಿಷ್ಯ ದಂಪತಿ ಕೆಲ್ಲರ್ ಮತ್ತು ಮೇರಿಯನ್ ಬ್ರೆಲೆಂಡ್ ಒಂದು ಸಂಗತಿಯನ್ನು ಕಣ್ಣಾರೆ ಕಂಡರು: ಸರಿಯಾದ ಕ್ಷಣದಲ್ಲಿ ಒಂದು ಸದ್ದು, ಬೆನ್ನಿಗೇ ಕಾಳು. ಇಷ್ಟೇ ಸಾಕು, ಹಕ್ಕಿ ತಾನಾಗಿ ಕಲಿಯುತ್ತದೆ. ಅವರು ಓದು ಬಿಟ್ಟು ಪ್ರಾಣಿಗಳಿಗೆ ಕಲಿಸುವುದನ್ನೇ ಉದ್ಯೋಗ ಮಾಡಿಕೊಂಡರು. 1951ರಲ್ಲಿ ಸ್ಕಿನ್ನರ್ ಒಂದು ಜನಪ್ರಿಯ ವಿಜ್ಞಾನ ಪತ್ರಿಕೆಯಲ್ಲಿ ಲೇಖನ ಬರೆದು, ಅಗ್ಗದ ಅಂಗಡಿಯಲ್ಲಿ ಸಿಗುವ, ಒತ್ತಿದರೆ ‘ಟಿಕ್’ ಎನ್ನುವ ಮಕ್ಕಳ ತಗಡಿನ ಆಟಿಕೆಯಿಂದ ನಾಯಿಗೆ ಕಲಿಸಬಹುದು ಎಂದರು. ನಾಯಿ ತರಬೇತುದಾರರು ಕಿವಿಗೊಡಲಿಲ್ಲ. ಅವರ ಕೈಯಲ್ಲಿ ಸರಪಳಿಯಿತ್ತು, ಅದರಿಂದ ಕೆಲಸ ಆಗುತ್ತಿತ್ತು.

ಅವರ ಮನಸ್ಸು ಬದಲಾಗಲು ಸರಪಳಿ ಕೆಲಸಕ್ಕೇ ಬಾರದ ಪ್ರಾಣಿಯೊಂದು ಬೇಕಾಯಿತು. ಅದು ಡಾಲ್ಫಿನ್. 1963ರಲ್ಲಿ ಹವಾಯಿಯ ಸೀ ಲೈಫ್ ಪಾರ್ಕ್‌ನಲ್ಲಿ ಡಾಲ್ಫಿನ್‌ಗಳಿಗೆ ಕಲಿಸುವ ಹೊಣೆ ಕರೆನ್ ಪ್ರಯರ್ ಅವರ ಪಾಲಿಗೆ ಬಂತು. ಈಜಿ ದೂರ ಹೋಗುವ ಪ್ರಾಣಿಗೆ ಪಟ್ಟಿ ಕಟ್ಟುವಂತಿಲ್ಲ, ಗದರಿಸುವಂತಿಲ್ಲ. ಸೀಟಿ ಮತ್ತು ಮೀನು, ಇವೆರಡರಲ್ಲೇ ಎಲ್ಲವನ್ನೂ ಕಲಿಸಬೇಕಿತ್ತು. ಅವರು ಕಲಿಸಿದರು. 1984ರಲ್ಲಿ ಅದನ್ನೆಲ್ಲ ಪುಸ್ತಕವಾಗಿ ಬರೆದರು. 1990ರ ದಶಕದ ಮೊದಲ ವರ್ಷಗಳಲ್ಲಿ ಅವರೂ ಜೊತೆಗಾರರೂ ನಾಯಿ ತರಬೇತುದಾರರಿಗಾಗಿ ನಡೆಸಿದ ಶಿಬಿರಗಳಲ್ಲಿ ಸೀಟಿಯ ಜಾಗಕ್ಕೆ ಕ್ಲಿಕರ್ ಬಂತು. ಸ್ಕಿನ್ನರ್ ಹೇಳಿದ್ದ ಆಟಿಕೆಯೇ ನಾಲ್ಕು ದಶಕಗಳ ಬಳಿಕ ಪ್ಲಾಸ್ಟಿಕ್ಕಿನ ಡಬ್ಬಿಯಾಗಿ ಅಂಗೈ ಸೇರಿತ್ತು.

ಅದರ ಪ್ರಯೋಜನ ಇಷ್ಟು. ನಾಯಿ ಕೂತಾಗ ನೀವು ಜೇಬಿನಿಂದ ಬಿಸ್ಕತ್ತು ತೆಗೆಯುವಷ್ಟರಲ್ಲಿ ಅದು ಎದ್ದಿರುತ್ತದೆ; ಬಹುಮಾನ ಎದ್ದದ್ದಕ್ಕೆ ಸಂದಂತಾಗುತ್ತದೆ. ಟಿಕ್ ಎಂಬ ಸದ್ದು ಮಾತ್ರ ಕೂತ ಕ್ಷಣವನ್ನೇ ಹಿಡಿಯುತ್ತದೆ. ನಮ್ಮ ದನಿ ಸಿಟ್ಟಿಗೆ, ದಣಿವಿಗೆ ಬದಲಾಗುತ್ತದೆ. ಆ ಸದ್ದು ಬದಲಾಗದು.

ಕಾನೂನುಗಳೂ ಹಿಂದೆಯೇ ಬಂದವು. ಕೊರಳಿಗೆ ವಿದ್ಯುತ್ ಆಘಾತ ಕೊಡುವ ಕಾಲರ್ ಅನ್ನು ವೇಲ್ಸ್ 2010ರಲ್ಲಿ ನಿಷೇಧಿಸಿತು. ಜರ್ಮನಿಯಲ್ಲಿ 2022ರಿಂದ ತರಬೇತಿಗೆ ಮುಳ್ಳುಪಟ್ಟಿ ಬಳಸುವಂತಿಲ್ಲ.

ಹಾಗಾದರೆ ನಾವು ಕೊಳ್ಳಬೇಕಾದ್ದೇನು? ಅಗಲವಾದ ಸಾದಾ ಬೆಲ್ಟ್ ಒಂದು. ಅದರಡಿ ಎರಡು ಬೆರಳು ಆಡಬೇಕು. ಆರು ಅಡಿಯ ಹಗ್ಗ ಅಥವಾ ಲೀಶ್. ಮಲೆನಾಡು, ಕರಾವಳಿಯವರು ನೈಲಾನಿನದನ್ನೇ ಕೊಳ್ಳುವುದು ಒಳ್ಳೆಯದು. ಮಳೆಗಾಲದಲ್ಲಿ ಚರ್ಮಕ್ಕೆ ಬೂಸ್ಟು ಹಿಡಿಯುತ್ತದೆ. ಗುಂಡಿ ಒತ್ತಿದರೆ ನಿಲ್ಲುವ, ಇಲ್ಲದಿದ್ದರೆ ಎಳೆದಷ್ಟೂ ಬಿಚ್ಚಿಕೊಳ್ಳುವ ಲೀಶ್ ಕಲಿಕೆಗೆ ಆಗಿಬರದು. ಎಳೆದರೆ ಉದ್ದವಾಗುತ್ತದೆ ಎಂಬ ಪಾಠವನ್ನೇ ಅದು ಕಲಿಸುವುದು. ಕರೆದಾಗ ಬರುವುದನ್ನು ಕಲಿಸಲು ಮೂವತ್ತು ಅಡಿಯ ಹಗುರ ಹಗ್ಗ ಸಾಕು. ತೀರಾ ಎಳೆಯುವ ನಾಯಿಗೆ ಎದೆಯ ಮುಂಭಾಗದಲ್ಲಿ ಕೊಂಡಿಯಿರುವ ಹಾರ್ನೆಸ್ ತನ್ನಿ; ಬೆನ್ನ ಮೇಲೆ ಕೊಂಡಿಯಿದ್ದರೆ ನಾಯಿ ಮೈಭಾರ ಬಿಟ್ಟು ಇನ್ನೂ ಎಳೆಯುತ್ತದೆ.

ಮುಧೋಳ ನಾಯಿ ಸಾಕಿದವರಿಗೆ ಬೇರೆಯೇ ಎಚ್ಚರ ಬೇಕು. ಅದರ ತಲೆ ಕಿರಿದು, ಕತ್ತು ಉದ್ದ. ಸಾಮಾನ್ಯ ಬೆಲ್ಟಿನಿಂದ ತಲೆ ಹಿಂದಕ್ಕೆಳೆದು ಸಲೀಸಾಗಿ ಜಾರಿಕೊಳ್ಳುತ್ತದೆ. ಅಂಥ ಬೇಟೆನಾಯಿಗಳಿಗೆ ಮಾರ್ಟಿಂಗೇಲ್ ಎಂಬ ಅಗಲದ ಪಟ್ಟಿ ಇದೆ. ಒಂದು ಮಿತಿಯವರೆಗೆ ಬಿಗಿದು ಅಲ್ಲೇ ನಿಲ್ಲುತ್ತದೆ, ಉಸಿರು ಕಟ್ಟಿಸುವುದಿಲ್ಲ. ಚರ್ಮ ತೆಳುವಾದ್ದರಿಂದ ಅವಕ್ಕೆ ಲೋಹದ ಚೈನ್ ಎಂದಿಗೂ ಬೇಡ.

ಇನ್ನೊಂದು ಮಾತು, ಇದು ಬೇಡಿಕೆ ಎಂದೇ ತಿಳಿಯಿರಿ. ನಮ್ಮ ದೇಶದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಪ್ರಾಣಿಯನ್ನು ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದು ಅಪರಾಧ. ಸದಾ ಕಟ್ಟಿದ ನಾಯಿಯನ್ನು ಓಡಾಡಿಸದೆ ಬಿಡುವುದೂ ಅಪರಾಧವೇ. ಗೇಟಿನ ಪಕ್ಕ ದಿನವಿಡೀ ಕಟ್ಟಿಸಿಕೊಂಡ ನಾಯಿಗೆ ಯಾವ ಉಪಕರಣವೂ ವಿಧೇಯತೆ ಕಲಿಸಲಾರದು. ಮೊದಲು ಅದನ್ನು ಬಿಚ್ಚಿ, ಬೆಳಿಗ್ಗೆ ಸಂಜೆ ಜೊತೆಯಲ್ಲಿ ನಡೆಸಿ. ಕಲಿಸುವುದನ್ನು ಆಮೇಲೆ ಶುರು ಮಾಡಿ.