ಸ್ಲೇಟಿನ ಮೇಲಿನ ಎರಡು ಕೈಗಳು

ದೇವರು ಮನುಷ್ಯರ ಮೂಲಕ ಕಾರ್ಯವೆಸಗುತ್ತಾರೆಂದು ನಾವು ಪ್ರಬೋಧನೆಗಳಲ್ಲಿ ಆಗಾಗ ಹೇಳುತ್ತೇವೆ. ಅದು ಹೇಗೆ ಎಂದು ಯಾರಾದರೂ ಕೇಳಿದರೆ ಮಾತ್ರ ತಡವರಿಸುತ್ತೇವೆ.

ಒಂದು ಭಾನುವಾರ ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳಿಗೇ ಈ ಪ್ರಶ್ನೆಯನ್ನು ಹಾಕಿದೆವು. "ಕೊಳವೆಯಲ್ಲಿ ನೀರು ಬಂದಂತೆ" ಎಂದನೊಬ್ಬ. "ತಂತಿಯಲ್ಲಿ ವಿದ್ಯುತ್ತು ಹರಿದಂತೆ" ಎಂದಳು ಇನ್ನೊಬ್ಬಳು. ಕಲ್ಕತ್ತಾದ ಸಂತ ತೆರೇಸಾ ತಮ್ಮನ್ನು ದೇವರ ಕೈಯಲ್ಲಿನ ಪುಟ್ಟ ಪೆನ್ಸಿಲೆಂದು ಕರೆದುಕೊಂಡದ್ದನ್ನು ಮತ್ತೊಬ್ಬ ನೆನಪಿಸಿದ.

ಎಲ್ಲವೂ ಸೊಗಸಾದ ಹೋಲಿಕೆಗಳೇ. ಬರೆದುದರ ಹಿರಿಮೆ ಪೆನ್ಸಿಲಿನದಲ್ಲವೆಂಬ ವಿನಯ ಆ ಮಾತೆಯ ಉಪಮೆಯಲ್ಲಿದೆ. ಆದರೆ ಪೆನ್ಸಿಲು ಬರೆಯಲೊಲ್ಲೆನೆಂದು ಹೇಳಲಾರದು; ಕೊಳವೆ ತಾನು ಹರಿಸಿದ ನೀರಿನಿಂದ ತನ್ನ ದಾಹ ನೀಗಿಸಿಕೊಳ್ಳಲಾರದು. ಮನುಷ್ಯನಾದರೋ ಒಲ್ಲೆನೆನ್ನಬಲ್ಲ, ಪರರಿಗೆ ಹಂಚಿದ ಕೃಪೆಯಲ್ಲಿ ತಾನೂ ತಣಿಯಬಲ್ಲ.

13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಈ ವಿಷಯವನ್ನು ಆಳವಾಗಿ ಚಿಂತಿಸಿದ್ದಾರೆ. ಒಂದು ಕಾರ್ಯದಲ್ಲಿ ಒಂದು ಪಾಲು ದೇವರದು, ಇನ್ನೊಂದು ಪಾಲು ಸೃಷ್ಟಿಯದು ಎಂದು ಹಂಚಲಾಗದು. ಅದು ಪೂರ್ಣವಾಗಿ ದೇವರದು, ಪೂರ್ಣವಾಗಿ ಸೃಷ್ಟಿಯದು, ಆದರೆ ಬೇರೆ ಬೇರೆ ರೀತಿಯಲ್ಲಿ ಎಂಬುದು ಅವರ ನಿಲುವು. ಸೆಮಿನರಿಯಲ್ಲಿ ಇದನ್ನು ಓದಿ ಪರೀಕ್ಷೆಯಲ್ಲಿ ಬರೆದಿದ್ದೆವು. ಅದರ ಅರ್ಥ ಹೊಳೆದದ್ದು ಬಹುಕಾಲದ ಮೇಲೆ, ಒಂದು ಮನೆಯ ಜಗಲಿಯಲ್ಲಿ.

ಅಲ್ಲಿ ತಾಯಿಯೊಬ್ಬಳು ಮಗುವಿನ ಕೈ ಹಿಡಿದು ಸ್ಲೇಟಿನ ಮೇಲೆ 'ಅ' ತಿದ್ದಿಸುತ್ತಿದ್ದಳು. ಬಳಪ ಮಗುವಿನ ಬೆರಳುಗಳಲ್ಲಿ. ಮಗುವಿನ ಕೈ ತಾಯಿಯ ಕೈಯಲ್ಲಿ. ಮೂಡಿದ ಅಕ್ಷರ ಯಾರದು? ತಾಯಿಯಿಲ್ಲದೆ ಮಗು ಅದನ್ನು ಬರೆಯಲಾರದು. ಆದರೂ "ನಾನು ಬರೆದೆ" ಎಂದು ಮಗು ಕುಣಿದರೆ ಅದು ಸುಳ್ಳಲ್ಲ. ನಡುವೆ ಮಗು ಹಠ ಹಿಡಿದು ಕೈ ಬಿಗಿಮಾಡಿತು; ಅಕ್ಷರ ಸೊಟ್ಟಗಾಯಿತು. ತಾಯಿ ಬೆರಳನ್ನು ತಿರುಚಲಿಲ್ಲ, ಕೈಯನ್ನು ಬಿಡಲೂ ಇಲ್ಲ. ಸ್ಲೇಟು ಒರೆಸಿ ಕಾದಳು.

ಈ ಹೋಲಿಕೆಯೂ ಪರಿಪೂರ್ಣವಲ್ಲ. ಮಗು ಬೆಳೆದ ಮೇಲೆ ತಾನೇ ಬರೆಯುತ್ತದೆ. ನಮಗೆ ದೇವರ ಕೈ ಕಡೆಯವರೆಗೂ ಬೇಕು.

ಆದರೂ ಈ ಚಿತ್ರ ನಮ್ಮನ್ನು ಬಹಳ ಕಾಡಿದೆ. ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು, ಪತಿಯ ಮರಣದ ಕೆಲವು ತಿಂಗಳ ಬಳಿಕ, ನಮ್ಮೆದುರು ಕಣ್ಣೀರಿಟ್ಟರು. "ದೇವರು ನಿಮ್ಮೊಡನಿದ್ದಾರಮ್ಮ" ಎಂದೆವು. "ಇರಬಹುದು ಫಾದರ್. ಆದರೆ ತಿಂಗಳ ಪೂಜೆ ಮುಗಿದ ಮೇಲೆ ನಮ್ಮ ಮನೆಯ ಮೆಟ್ಟಿಲನ್ನು ಯಾರೂ ಹತ್ತಲಿಲ್ಲ" ಎಂದರು.

ಅವರ ಮನೆ ದೇವಾಲಯದಿಂದ ಹತ್ತು ನಿಮಿಷದ ದಾರಿ. ಹೋಗಿ ಬರಬೇಕೆಂದು ಎಷ್ಟೋ ಸಂಜೆ ನಮಗೆ ಅನಿಸಿತ್ತು. ಲೆಕ್ಕಪತ್ರ, ಸಭೆ ಎಂದು ಮುಂದೂಡಿದ್ದೆವು. ದೇವರು ಅವರನ್ನು ಮರೆತಿರಲಿಲ್ಲ. ಕೈ ಬಿಗಿಮಾಡಿದವರು ನಾವು. ಮರುದಿನ ಸಂಜೆ ಆ ಮನೆಗೆ ಹೋದೆವು. ಉಪದೇಶ ಮಾಡಲಿಲ್ಲ, ಅವರು ಪತಿಯ ಬಗ್ಗೆ ಹೇಳಿದ್ದನ್ನೆಲ್ಲ ಕೇಳಿ, ಕೊಟ್ಟ ಕಾಫಿ ಕುಡಿದು ಬಂದೆವು.

ನೆಡುವವನೂ ನೀರೆರೆಯುವವನೂ ಅಲ್ಪರು, ಬೆಳೆಸುವವರು ದೇವರೇ ಎಂಬುದು ಸಂತ ಪೌಲರು ಕೊರಿಂಥದವರಿಗೆ ಕಲಿಸಿದ ಪಾಠ. ಅದು ಗರ್ವಕ್ಕೆ ಮದ್ದು, ನೀರೆರೆಯದಿರಲು ನೆಪವಲ್ಲ.

ಪ್ರಿಯರೇ, ಇಂದು ಸಂಜೆಯ ಜಪಸರದ ವೇಳೆ ಯಾರದಾದರೂ ಹೆಸರು ನಿಮ್ಮ ಮನಸ್ಸಿಗೆ ಬಂದೀತು. ಅವರಿಗಾಗಿ ಪ್ರಾರ್ಥಿಸಿರಿ. ಪ್ರಾರ್ಥನೆ ಮುಗಿದ ಮೇಲೆ ಚಪ್ಪಲಿ ಮೆಟ್ಟಿ ಅವರ ಮನೆಗೆ ಹೊರಡಿರಿ.