ಹಲಗೆಯ ಅಡಿಯ ಇಲಿ

1928ರ ನವೆಂಬರಿನಲ್ಲಿ ನ್ಯೂಯಾರ್ಕಿನ ಬೆಳ್ಳಿತೆರೆಯ ಮೇಲೆ ಸಿಳ್ಳು ಹಾಕುತ್ತ ಬಂದ ಮಿಕ್ಕಿ ಇಲಿ, 2018ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ‘ಸುಪ್ರೀಂ’ ಸಂಸ್ಥೆಯ ಸ್ಕೇಟ್‌ಬೋರ್ಡಿನ ಅಡಿಯನ್ನು ಸೇರಿತು. ಚುಕ್ಕೆಗಳಲ್ಲಿ ಅದನ್ನು ರೂಪಿಸಿದಾತ ಕಲಾವಿದ ಡೇಮಿಯನ್ ಹರ್ಸ್ಟ್, ಅಪ್ಪಣೆಯಿತ್ತದ್ದು ಡಿಸ್ನಿ.

ಹುಡುಗರು ಕಬ್ಬಿಣದ ಸರಳುಗಳ ಮೇಲೆ ಜಾರಿದಷ್ಟೂ ಗಾಲಿಹಲಗೆಯ ಅಡಿಯ ಚಿತ್ರ ಸವೆಯುತ್ತದೆ. ಸವೆತವೇ ಅದರ ಆಯುಸ್ಸು. ಸಂಗ್ರಾಹಕರಾದರೋ ಇಂಥ ಹಲಗೆಗಳಿಗೆ ಗಾಲಿಯನ್ನೇ ಜೋಡಿಸದೆ ಗೋಡೆಗೆ ತೂಗಹಾಕುತ್ತಾರೆ.

2024ರಲ್ಲಿ ಅಮೆರಿಕದಲ್ಲಿ ಆ ಹಳೆಯ ಚಿತ್ರದ ಹಕ್ಕು ತೀರಿ, ಅದರೊಳಗಿನ ಇಲಿ ಸರ್ವರ ಸೊತ್ತಾಯಿತು. ಗೋಡೆಯ ಮೇಲಿನ ಇಲಿಗೆ ಇನ್ನೂ ಬಿಡುಗಡೆಯಿಲ್ಲ.

ಹಳಗನ್ನಡ ಕಾವ್ಯಗಳನ್ನು ಬೀರುವಿನಲ್ಲಿ ಕೂಡಿಟ್ಟು, ಪುಟ ಮಾಸೀತೆಂದು ವಿದ್ಯಾರ್ಥಿಗಳ ಕೈಗೆ ಕೊಡದ ನಾನು, ಆ ಸಂಗ್ರಾಹಕರನ್ನು ಯಾವ ಬಾಯಿಂದ ಹಳಿಯಲಿ?